ತಿಕೋಟಾ ಎಂದು ಕೂಗಿದ್ದು

ಅವನು ತೀರಿಹೋದ ಸುದ್ದಿ ತಿಳಿದು ಬಬಲೇಶ್ವರಕ್ಕೆ ಹೋಗಿದ್ದೆ. ಅಂಗಳದಲ್ಲಿ ಕೂತಿದ್ದ ಅವನ ಮಗ ನನ್ನನ್ನು ಯಾರೆಂದು ಕೇಳಿದ. ನಿಮ್ಮಪ್ಪನ ಜತೆ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ ಎಂದೆ. ಆತ ನಕ್ಕುಬಿಟ್ಟ. "ನೀವು ಬ್ಯಾರೆ ಯಾರದೋ ಮನಿಗೆ ಬಂದೀರಿ ಕಾಣ್ತದ. ನಮ್ಮಪ್ಪ ಹೈಸ್ಕೂಲಿನ ಮೆಟ್ಟಿಲಾ ಹತ್ತಿಲ್ರಿ" ಎಂದ. ಮನೆ ಅದೇ, ಮನುಷ್ಯನೂ ಅವನೇ. ಐವತ್ತು ವರ್ಷ ಸಂಸಾರ ಮಾಡಿ, ಒಂದು ಸಲವೂ ಅವನು ಆ ಮಾತನ್ನು ಮನೆಯಲ್ಲಿ ಎತ್ತಿರಲಿಲ್ಲ. ಯಾಕೆ ಎತ್ತಿರಲಿಲ್ಲ ಎಂಬುದು ನನಗೊಬ್ಬನಿಗೆ ಗೊತ್ತು. ಮಗನಿಗೆ ಅಲ್ಲೇ ಹೇಳಬೇಕಿತ್ತು. ಸಾವಿನ ಮನೆಯಲ್ಲಿ ನಾಲಿಗೆ ಏಳಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾವು ಹೈಸ್ಕೂಲಿನಲ್ಲಿದ್ದಾಗ ಎರಡನೇ ಮಹಾಯುದ್ಧ ನಡೆದಿತ್ತು. ವಿಜಾಪುರಕ್ಕೆ ಬರುವ ಮೋಟಾರುಗಳು ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನಾನು ತಿಕೋಟಾದವನು, ಕಿರಾಣಿ ಅಂಗಡಿಯವರ ಮಗ, ವಿಜಾಪುರದಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಅವನು ಬಬಲೇಶ್ವರದ ಪಿಂಜಾರರ ಹುಡುಗ. ಅವನಪ್ಪ ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗಿ ಗಾದಿ, ದಿಂಬು ತುಂಬಿಕೊಡುತ್ತಿದ್ದ. ಮಗ ವಿಜಾಪುರದ ಸಂಬಂಧಿಕರ ಮನೆಯ ಜಗುಲಿಯಲ್ಲಿ ಮಲಗಿ ಶಾಲೆಗೆ ಬರುತ್ತಿದ್ದ. ನಾವಿಬ್ಬರೂ ಒಂದೇ ಬೆಂಚು.

ಕೋಟೆಯ ಖಂದಕದ ಪಕ್ಕದ ಬಯಲಿನಲ್ಲಿ ನಮ್ಮ ಡ್ರಿಲ್ ಮಾಸ್ತರರು ಎರಡು ಕಂಬ ನೆಡಿಸಿ, ಹಲಗೆ ಹೊಡೆಸಿ, ಕಮ್ಮಾರನ ಕೈಯಲ್ಲಿ ಚೆಂಡು ಬೀಳುವ ಕಬ್ಬಿಣದ ಬಳೆ ಬಡಿಸಿ ಮೈದಾನ ಮಾಡಿದ್ದರು. ಅವರು ಮದರಾಸಿನಲ್ಲಿ ಕಲಿತು ಬಂದವರು. ಉಳಿದ ಶಾಲೆಗಳ ಹುಡುಗರು ಚೆಂಡು ಎಲ್ಲಿದೆಯೋ ಅಲ್ಲಿಗೆ ನೊಣದ ಹಾಗೆ ಮುತ್ತುತ್ತಿದ್ದಾಗ, ಇವರು ನಮಗೆ ಹಾಕಿಕೊಟ್ಟ ಪಾಠವೇ ಬೇರೆ. "ಚೆಂಡು ಒಬ್ಬನ ಕೈಯಾಗ ಇರ್ತದ. ಉಳಿದ ನಾಲ್ವರು ಏನು ಮಾಡ್ತೀರಿ? ಜಾತ್ರಿ ನೋಡ್ತೀರೇನು?" ಎಂದು ಬೈಯುತ್ತಿದ್ದರು. ಚೆಂಡಿಲ್ಲದವನು ಚೆಂಡಿಲ್ಲದ ಇನ್ನೊಬ್ಬನಿಗಾಗಿ ಅಡ್ಡ ನಿಲ್ಲಬೇಕು. ಅದೇ ಅವರ ವಿದ್ಯೆ.

ಹೇಗೆಂದರೆ, ಚೆಂಡು ಮೇಲುಗಡೆ, ಅಂದರೆ ಬಳೆಯಿಂದ ದೂರ ಮೈದಾನದ ನಡುವೆ, ನಮ್ಮವನೊಬ್ಬನ ಕೈಯಲ್ಲಿರುತ್ತದೆ. ನಾನು ಒಂದು ಮಗ್ಗುಲಲ್ಲಿ, ನನ್ನನ್ನು ಕಾಯುವ ಎದುರಾಳಿ ನನ್ನ ಎದೆಗೇ ಅಂಟಿಕೊಂಡು. ನನ್ನ ಗೆಳೆಯ ಮೆಲ್ಲಗೆ ಬಂದು ಆ ಎದುರಾಳಿಯ ದಾರಿಯಲ್ಲಿ ಕಾಲೂರಿ ನಿಲ್ಲುತ್ತಾನೆ. ಕೈ ಎದೆಯ ಮೇಲೆ, ಪಾದ ನೆಲಕ್ಕೆ ಮೊಳೆ ಹೊಡೆದಂತೆ. ನಾನು ನನಗೇನೂ ಬೇಡವೆಂಬಂತೆ ಗೆರೆಯ ಕಡೆ ನಾಲ್ಕು ಹೆಜ್ಜೆ ಹೋಗಿ, ಥಟ್ಟನೆ ತಿರುಗಿ, ಗೆಳೆಯನ ಹೆಗಲಿಗೆ ನನ್ನ ಹೆಗಲು ಉಜ್ಜುವಷ್ಟು ಹತ್ತಿರದಿಂದ ಓಡುತ್ತೇನೆ. ಹಿಂದೆ ಬಂದ ಎದುರಾಳಿ ಅವನಿಗೆ ಢಿಕ್ಕಿ ಹೊಡೆಯುತ್ತಾನೆ, ಇಲ್ಲವೇ ಸುತ್ತಿಕೊಂಡು ಬರುತ್ತಾನೆ. ಅಷ್ಟರಲ್ಲಿ ಚೆಂಡು ನನ್ನ ಕೈಗೆ ಬಂದು, ಬಳೆಯೊಳಗೆ ಬಿದ್ದು, ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ. ನಿಂತವನು ಕದಲುವಂತಿಲ್ಲ, ಕದಲಿದರೆ ತಪ್ಪು ಅವನದೇ. ಬರುವ ಪೆಟ್ಟನ್ನು ಅವನು ನೋಡುತ್ತಲೇ ತಿನ್ನಬೇಕು.

ಮಾಸ್ತರರು ಇಂಥ ಆಟಗಳಿಗೆ ಚೆಂಡು ಸಿಗುವವನ ಊರಿನ ಹೆಸರಿಟ್ಟಿದ್ದರು. ಎದುರಿನವರಿಗೆ ತಿಳಿಯಬಾರದೆಂದು. ನಾನು ನಾಯಕ. ನಾನು "ತಿಕೋಟಾ!" ಎಂದು ಕೂಗಿದರೆ ಅವನು ನಿಲ್ಲಬೇಕು, ನಾನು ಓಡಬೇಕು. ಬೇರೆ ಇಬ್ಬರ ಊರುಗಳ ಹೆಸರೂ ಇದ್ದವು. ಬಬಲೇಶ್ವರ ಎಂಬ ಆಟ ಇರಲಿಲ್ಲ. ಅವನಷ್ಟು ಗಟ್ಟಿಯಾಗಿ ನಿಲ್ಲುವವರು ನಮ್ಮಲ್ಲಿ ಮತ್ತೊಬ್ಬರಿರಲಿಲ್ಲ, ಆದ್ದರಿಂದ ಯಾರ ಊರು ಕೂಗಿದರೂ ನಿಲ್ಲುವವನು ಅವನೇ.

ಆಟ ಮುಗಿದ ಮೇಲೆ ಅವನು ನಲ್ಲಿಯ ಬಳಿ ಅಂಗಿ ಬಿಚ್ಚಿದರೆ ಪಕ್ಕೆಯೆಲ್ಲ ನೇರಳೆ ಬಣ್ಣ. "ಲೇ, ಇವತ್ತ ನಿನ್ನ ಬೆನ್ನ ಹತ್ತಿ ಬಂದವ ಮನಷ್ಯಾ ಅಲ್ಲ ಬಿಡೋ, ಕಬ್ಬಿನ ಗಾಣದ ಕೋಣ" ಎನ್ನುತ್ತಿದ್ದ. "ನೀ ಮುಂದಿನ ಸಲ ಸಣ್ಣಾವನ್ನ ನೋಡಿ ಕರಕೊಂಡು ಬಾ ನನ್ನ ಕಡೆ." ನಾನು ನಗುತ್ತಿದ್ದೆ. ಊರ ಜನ ನನ್ನನ್ನು ಬೀದಿಯಲ್ಲಿ ಗುರುತಿಸಿ ಕರೆದು ಬೆಲ್ಲ, ಪುಟಾಣಿ ಕೊಡುತ್ತಿದ್ದರು. ಅವನು ಪಕ್ಕದಲ್ಲಿ ನಿಂತಿರುತ್ತಿದ್ದ. ಅವನಿಗೂ ಒಂದು ಹಿಡಿ ಸಿಗುತ್ತಿತ್ತು, ನನ್ನ ಜತೆ ಇದ್ದದ್ದಕ್ಕೆ.

ಆ ವರ್ಷ ಅವನಪ್ಪನಿಗೆ ತೋಳು ಸೋತಿತ್ತು. ಬಿಲ್ಲಿನ ತಂತಿಯನ್ನು ದಿನವಿಡೀ ಬಡಿಯಲು ಇನ್ನೊಂದು ಕೈ ಬೇಕಾಗಿತ್ತು. ಮಗನನ್ನು ಶಾಲೆ ಬಿಡಿಸುತ್ತೇನೆಂದ. ಮಗ ಹಟ ಹಿಡಿದ. ತಾನು ಅಲ್ಲಿ ಸುಮ್ಮನಿಲ್ಲ, ಶಾಲೆಯ ಪರವಾಗಿ ಆಡುತ್ತೇನೆ, ತಾನಿಲ್ಲದಿದ್ದರೆ ಆಟ ನಡೆಯುವುದಿಲ್ಲ, ಮಾಸ್ತರರು ಮುಂದೆ ತನ್ನನ್ನೂ ಡ್ರಿಲ್ ಮಾಸ್ತರನಾಗಲು ಕಳಿಸುತ್ತಾರೆ ಎಂದೆಲ್ಲ ಹೇಳಿದ. ಅಪ್ಪ ಕಡೆಗೆ ಒಂದು ಮಾತಿಗೆ ಒಪ್ಪಿದ: ಒಂದು ದಿನ ಬಂದು ಕಣ್ಣಾರೆ ನೋಡುತ್ತೇನೆ, ನೀನು ಹೇಳಿದ್ದು ಖರೆ ಇದ್ದರೆ ಮೆಟ್ರಿಕ್ ಮುಗಿಯುವವರೆಗೆ ನಿನ್ನ ತಂಟೆಗೆ ಬರುವುದಿಲ್ಲ.

ಬಾಗಲಕೋಟೆಯ ಹುಡುಗರು ನಮ್ಮಲ್ಲಿಗೆ ಆಡಲು ಬರುವ ವಾರ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ದೋಸ್ತ, ನಮ್ಮಪ್ಪ ಬರಾಕತ್ತಾನ. ಅವಗ ಈ ಅಡ್ಡ ನಿಂದ್ರೂದು ತಿಳಿಯೂದಿಲ್ಲ. ಚೆಂಡು ಹಾಕಿದರ ಅಷ್ಟ ತಿಳೀತದ. ಒಮ್ಮಿ, ಒಂದಾ ಒಂದು ಸಲ, ನೀ ನಿಂದರು, ನಾ ಓಡ್ತೀನಿ."

"ಅದಕ್ಕೇನು ಹೆಸರಿಡೂಣು?"

"ಬಬಲೇಶ್ವರ ಅನ್ನು. ಅಪ್ಪ ಕೇಳಿ ಖುಷಿ ಆಗ್ತಾನ."

ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ಮಾಸ್ತರರೂ ಒಪ್ಪಿದರು. ಎರಡು ಸಂಜೆ ಅದನ್ನೇ ಅಭ್ಯಾಸ ಮಾಡಿದೆವು. ನಾನು ಮೊದಲ ಸಲ ಅಡ್ಡ ನಿಂತು ಪೆಟ್ಟು ತಿಂದಾಗ ಉಸಿರು ಸಿಕ್ಕಿಕೊಂಡು ನೆಲಕ್ಕೆ ಕೂತೆ. ಅವನು ಚೆಂಡನ್ನು ಬಳೆಗೆ ಹಾಕಿ ಓಡಿ ಬಂದ. "ಹತ್ತೀತೇನು? ಗಲ್ಲಾ ಪೆಟಗಿ ಮ್ಯಾಲ ಕುಂತು ಬೆಳದ ಮೈ ನೋಡು!" ಎಂದು ಕೈ ಹಿಡಿದೆಬ್ಬಿಸಿದ. ಅವನ ಎಸೆತ ಚೆನ್ನಾಗಿತ್ತು. ನನ್ನದಕ್ಕಿಂತ ಮೆತ್ತಗೆ ಬೀಳುತ್ತಿತ್ತು. ಅದನ್ನು ಆಗ ಯಾರಿಗೂ ಹೇಳಲಿಲ್ಲ.

ಆಟದ ದಿನ ಅವನಪ್ಪ ಎಲ್ಲೋ ಗಾದಿ ತುಂಬಿ ನೇರ ಅಲ್ಲಿಗೇ ಬಂದಿದ್ದ. ಹೆಗಲ ಮೇಲೆ ಬಿಲ್ಲು, ಹುಬ್ಬು, ಮೀಸೆಯಲ್ಲಿ ಅರಳೆಯ ಎಳೆ. ಹುಡುಗರು ಹಿಂದಿನಿಂದ ತಂತಿ ಮಿಡಿದು ಓಡಿಹೋಗುತ್ತಿದ್ದರು. ಆತ ಗೆರೆಯ ಬಳಿಯೇ ಕುಕ್ಕರಗಾಲಲ್ಲಿ ಕೂತು ಒಂದು ಕ್ಷಣವೂ ಮಗನಿಂದ ಕಣ್ಣು ಕೀಳಲಿಲ್ಲ.

ನಾವು ಚೆನ್ನಾಗಿ ಆಡಿದೆವು. "ತಿಕೋಟಾ!" ಎಂದೆ, ಅವನು ನಿಂತ, ನಾನು ಹಾಕಿದೆ. ಮತ್ತೆ "ತಿಕೋಟಾ!" ಎಂದೆ. ಜನರೂ ನನ್ನೊಂದಿಗೆ ಕೂಗತೊಡಗಿದರು. ಕೊನೆಯ ಹೊತ್ತಿಗೆ ಬಾಗಲಕೋಟೆಯವರು ಎಷ್ಟೋ ಹಿಂದೆ ಉಳಿದಿದ್ದರು. ಗೆಲುವಿಗೆ ಇನ್ನು ನನ್ನ ಎಸೆತ ಬೇಕಿರಲಿಲ್ಲ. ಚೆಂಡು ಮೇಲುಗಡೆ ಬಂತು. ಅವನು ನನ್ನ ಕಡೆ ನೋಡಿದ.

ನನ್ನ ಬಾಯಿಂದ "ತಿಕೋಟಾ!" ಎಂದೇ ಬಂತು.

ಮರೆತೆನೆಂದು ಆ ವರ್ಷವೆಲ್ಲ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಅಷ್ಟು ಜನರ ಮುಂದೆ ನಾನು ಕೈ ಎದೆಗಿಟ್ಟು ನಿಂತಿರುವುದು, ಚಪ್ಪಾಳೆ ನನ್ನನ್ನು ದಾಟಿ ಬೇರೆಯವನಿಗೆ ಹೋಗುವುದು ಕಣ್ಣ ಮುಂದೆ ಬಂದು ಮೈ ಒಲ್ಲೆನೆಂದಿತು. ಅವನೋ, ಆ ಹೆಸರು ಕೇಳಿದ್ದೇ ತಡ ಬಂದು ನಿಂತ. ನಿಲ್ಲದೆ ಇರಬಹುದಿತ್ತು. ನಿಂತ. ಬಾಗಲಕೋಟೆಯ ದಪ್ಪ ಹುಡುಗ ಬಂದು ಬಡಿದ ಸದ್ದು ನನ್ನ ಬೆನ್ನ ಹಿಂದೆ ಕೇಳಿಸಿತು. ಚೆಂಡು ಬಳೆಯೊಳಗೆ ಬಿತ್ತು. ಕೊನೆಯ ಸೀಟಿ ಕೇಳಿತು, ಮಾಸ್ತರರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಆಟ ಮುಗಿದಿತ್ತು.

ಅವನಪ್ಪ ಎದ್ದು ಬಂದು ನನ್ನ ಮುಂದೆ ನಿಂತ.

"ತಮ್ಮಾ, ತಿಕೋಟಾದ ಹೆಸರು ಬಾಳ ಸಲ ಕೇಳಿದೆ. ನಮ್ಮೂರಿನ ಹೆಸರು ಒಮ್ಮಿನೂ ಬರಲಿಲ್ಲಲ್ಲ. ನನ್ನ ಮಗನ ಕೈಯಾಗ ಚೆಂಡು ಯಾಕ ಕೊಡಲಿಲ್ಲ? ಅವಂದು ಏನು ಕೆಲಸ ಇದ್ರಾಗ?"

ಮಗ ಅಲ್ಲೇ, ಪಕ್ಕೆ ಹಿಡಿದುಕೊಂಡು ನಿಂತಿದ್ದ. ಎಲ್ಲರೂ ಸುತ್ತ ಇದ್ದರು. ಇವನಿಲ್ಲದಿದ್ದರೆ ಇವತ್ತು ನನ್ನ ಒಂದು ಚೆಂಡೂ ಬೀಳುತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ನಾನು ಅಂದದ್ದು ಇಷ್ಟು:

"ಅವಂದು ನಿಂದ್ರೂದಾ ಕೆಲಸರಿ."

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆತ ಮಗನ ಕಡೆ ತಿರುಗಿದ. "ಸುಮ್ಮ ನಿಂದ್ರಾಕ ವಿಜಾಪುರ ಯಾಕ ಬೇಕಲೇ? ನಿಂದ್ರೂದಿದ್ದರ ನನ್ನ ಬಾಜೂಕ ನಿಂದರು, ನಾಕು ಗಾದಿ ಆಗ್ತಾವ." ಮಾಸ್ತರರು ಜನರನ್ನು ದಾಟಿ ಬರುವಷ್ಟರಲ್ಲಿ ಅಪ್ಪ ಮಗ ರಸ್ತೆಗೆ ಇಳಿದಿದ್ದರು. ಬಿಲ್ಲು ಈಗ ಮಗನ ಹೆಗಲ ಮೇಲಿತ್ತು. ಮಾಸ್ತರರು ಆಮೇಲೆ ಬಬಲೇಶ್ವರದವರೆಗೂ ಒಮ್ಮೆ ಹೋಗಿ ಬಂದರು. ಪಿಂಜಾರರು ಊರಲ್ಲಿರಲಿಲ್ಲವಂತೆ.

ಮರುವರ್ಷ ನಮ್ಮ ಆಟ ಕೆಟ್ಟಿತು. ಅಡ್ಡ ನಿಲ್ಲಲು ಬಂದ ಹೊಸಬರು ಪೆಟ್ಟು ಬರುವ ಮೊದಲೇ ಹೆಗಲು ಸರಿಸುತ್ತಿದ್ದರು. ಎದುರಾಳಿ ನನ್ನ ಎದೆ ಬಿಟ್ಟು ಕದಲುತ್ತಿರಲಿಲ್ಲ. ನಾನು ಎಸೆದ ಚೆಂಡು ಹಲಗೆ ಬಡಿದು ಹಿಂದೆ ಬರುತ್ತಿತ್ತು. ಬೀದಿಯಲ್ಲಿ ಪುಟಾಣಿ ಕೊಡುತ್ತಿದ್ದ ಅಂಗಡಿಯವನು, "ಏನ ತಿಕೋಟಾ, ಕಣ್ಣಿಗೆ ಪರದೆ ಬಂದದೇನು?" ಎಂದ. ಆಗ ನನಗೆ ನನ್ನ ಗೆಳೆಯ ಏನಾಗಿದ್ದನೆಂದು ತಿಳಿಯಿತು. ಇದ್ದಿಲ ಮೋಟಾರು ಹತ್ತಿ ಬಬಲೇಶ್ವರಕ್ಕೆ ಹೋದೆ. ಅಪ್ಪ ಮಗ ಪಕ್ಕದ ಸಾರವಾಡದಲ್ಲಿ ಒಂದು ಮದುವೆ ಮನೆಯ ಗಾದಿ ತುಂಬುತ್ತಿದ್ದಾರೆ ಎಂದು ಊರವರು ಹೇಳಿದರು. ಅಲ್ಲಿಗೆ ನಡೆದೆ.

ಹಿತ್ತಲ ಚಪ್ಪರದ ಕೆಳಗೆ ಅವನು ತಂತಿ ಬಡಿಯುತ್ತಿದ್ದ. ಮೈಯೆಲ್ಲ ಬಿಳಿ. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. ನಾನು ಅವನಪ್ಪನ ಮುಂದೆ ಕೂತು, ಅರಳೆಯ ಐದು ಉಂಡೆ ಮಾಡಿ ನೆಲದ ಮೇಲಿಟ್ಟೆ. ಇದು ನಾನು, ಇದು ನನ್ನ ಬೆನ್ನು ಬಿದ್ದವನು, ಇದು ನಿಮ್ಮ ಮಗ ಎಂದು ಒಂದೊಂದನ್ನೇ ಸರಿಸಿ ಎಲ್ಲ ತೋರಿಸಿದೆ. ಬಬಲೇಶ್ವರ ಎಂಬ ಆಟದ ಬಗ್ಗೆಯೂ ಹೇಳಿದೆ. ಯಾಕೆ ಕೂಗಲಿಲ್ಲ ಎಂಬುದನ್ನೂ ಹೇಳಿದೆ.

ಆತನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮಗನ ಉಂಡೆಯ ಮೇಲೆ ಬೆರಳಿಟ್ಟ. "ಹಂಗಾದರ ಆ ಚೆಂಡೆಲ್ಲಾ ಇವಂದಾ" ಎಂದ. ಆಮೇಲೆ ಮಗನನ್ನು ಕೂಗಿ, "ಬಿಲ್ಲು ಕೆಳಗಿಡೋ. ನೀ ಸಾಲಿಗೆ ಹೋಗು. ನಾ ಹೆಂಗರ ಮಾಡ್ತೀನಿ" ಎಂದ.

ತಂತಿ ನಿಂತಿತು. ಅವನು ಮುಖ ಒರೆಸಿಕೊಂಡು ಮೊದಲ ಸಲ ನನ್ನನ್ನು ನೋಡಿದ.

"ಈ ವರ್ಷ ಸೋಲಾಕತ್ತೀರಂತ?"

ನಾನು ಹೌದೆಂದೆ.

"ಗೆದ್ದಿದ್ದರ ಬರ್ತಿದ್ದೇನು ನೀ?"

ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ. ಆ ಹಿತ್ತಲಿನಲ್ಲಿ, ಅವನ ಕಣ್ಣೆದುರು, ಅದು ಖರೆಯೋ ಅಲ್ಲವೋ ನನಗೇ ತಿಳಿಯಲಿಲ್ಲ. ಅವನು ಉತ್ತರಕ್ಕೆ ಜಾಗ ಕೊಟ್ಟ, ಅಷ್ಟು ಒಳ್ಳೆಯವನು. ಆಮೇಲೆ ಅಪ್ಪನಿಗೆ ಹೇಳಿದ: "ನಾ ಹೋಗೂದಿಲ್ಲ. ಇನ್ನ ಯಾರ ಸಲುವಾಗಿನೂ ನಿಂದ್ರೂದಿಲ್ಲ ನಾ." ಮತ್ತೆ ತಂತಿಯ ಸದ್ದು ಶುರುವಾಯಿತು. ಮನೆಯವರು ನನಗೆ ನೀರು, ಬೆಲ್ಲ ತಂದುಕೊಟ್ಟರು. ಬೆಲ್ಲ ಮುಟ್ಟದೆ ಎದ್ದೆ.

ಅವನ ಜತೆ ನನ್ನ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಎಷ್ಟೋ ಸಂತೆಗಳಲ್ಲಿ ಎದುರಾದೆವು, ಅವನು ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಸಿಟ್ಟು ಮುಖದಲ್ಲಿ ಕಾಣುತ್ತಿರಲಿಲ್ಲ. ಕಂಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ದಿನ ಹಿತ್ತಲಿನಿಂದ ಹೊರಟು ಸಾರವಾಡದ ರಸ್ತೆಯಲ್ಲಿ ಮೋಟಾರಿಗೆ ಕಾಯುತ್ತಿದ್ದಾಗ ಅವನಪ್ಪ ಹಿಂದಿನಿಂದ ಬಂದ. ಬೈಯಲು ಬಂದನೆಂದುಕೊಂಡೆ. ಆತ ಪಕ್ಕದ ಕಲ್ಲಿನ ಮೇಲೆ ಕೂತು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ಅವಗ ಗೊತ್ತಾಗೂದು ಬ್ಯಾಡ" ಎಂದ. "ಆವತ್ತ ಎಲ್ಲೆಲ್ಲಿ ನಿಂತಿದ್ದ ನನ್ನ ಮಗಾ, ಮೊದಲಿಂದ ಹೇಳು."

ಮೋಟಾರು ಬರುವವರೆಗೂ ಹೇಳಿದೆ.