ಬಸ್ಸಿನಡಿಯ ಗುಂಡಿಯಲ್ಲಿ ಗೆರೆಯಿಲ್ಲದ ಕನ್ನಡಕ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕನ್ನಡಕವಿಲ್ಲ. ಬಸ್ಸಿನ ಕೆಳಗೆ ಏನೇನಿರುತ್ತದೆ ಎಂಬುದೂ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ಸಂಜೆ ಕಾಲೇಜಿನಲ್ಲಿ ಕಲಿತದ್ದರಲ್ಲಿ ಇವೆರಡೂ ಇರಲಿಲ್ಲ. ಹೀಗಿದ್ದೂ ಒಬ್ಬ ಬಸ್ ತಪಾಸಣೆಗಾರರ ಕನ್ನಡಕದ ಬಗ್ಗೆ ಬರೆಯಲು ಹೊರಟಿದ್ದೇನೆ. ತಪ್ಪುಗಳಿದ್ದರೆ ನನ್ನವು. ಅವರಂತೂ ಪ್ರತಿಯೊಂದನ್ನೂ ಎರಡೆರಡು ಸಲ ಬಿಡಿಸಿ ಹೇಳಿದ್ದಾರೆ, ಎರಡನೆಯ ಸಲ ಸ್ವಲ್ಪ ಸಿಡುಕಿನಿಂದ.

ಬೆಳಗಿನ ಐದು ಗಂಟೆ. ಡಿಪೋದ ಶೆಡ್ಡಿನಲ್ಲಿ ನೆಲವನ್ನು ಉದ್ದಕ್ಕೆ ಸೀಳಿದಂತೆ ಒಂದು ಗುಂಡಿ. ಬಸ್ಸೊಂದು ಚಕ್ರಗಳನ್ನು ಅದರ ಎರಡೂ ಅಂಚಿಗೆ ಊರಿ ನಿಂತಿದೆ. ಒಳಗಿಂದ ದನಿ ಬರುತ್ತದೆ: "ಇದೆಂಥ ದರಿದ್ರ ಕನ್ನಡಕನಪ್ಪ!" ಬಗ್ಗಿ ನೋಡಿದರೆ, ಐವತ್ನಾಲ್ಕು ವರ್ಷದ ಒಬ್ಬರು ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಮೂಗಿನ ಹೊಳ್ಳೆಗಳನ್ನು ಮೇಲೆ ಮಾಡಿ, ಮುಖದಿಂದ ಒಂದು ಗೇಣು ದೂರದಲ್ಲಿರುವ ನಟ್ಟೊಂದನ್ನು ದಿಟ್ಟಿಸುತ್ತಿದ್ದಾರೆ.

ಡಿಪೋದಲ್ಲಿ ಎಲ್ಲರಿಗೂ ಅವರು ಗುಂಡಿ ಮಾವ. ಇಪ್ಪತ್ತಾರು ವರ್ಷಗಳಿಂದ ಇದೇ ಗುಂಡಿ. ಐದರಿಂದ ಏಳರೊಳಗೆ ಇಪ್ಪತ್ತೆರಡು ಬಸ್ಸು. ಒಂದೊಂದರ ಹೊಟ್ಟೆಯಡಿ ನೋಡಲೇಬೇಕಾದ ಜಾಗ ನಲವತ್ತೊಂದು. ಗುಣಿಸಿದೆ, ಅನುಮಾನ ಬಂದು ಮತ್ತೊಮ್ಮೆ ಗುಣಿಸಿದೆ: ಒಂಬೈನೂರ ಎರಡು. ಅವರು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆಯೇ ಬಸ್ಸು ಗೇಟು ದಾಟುತ್ತದೆ. ಬಸ್ಸಿನೊಳಗೆ ಕೂರುವ ಯಾರೂ ಇವರನ್ನು ಕಂಡವರಲ್ಲ. "ಕಾಣಲೂಬಾರ್ದು" ಎನ್ನುತ್ತಾರೆ. "ಪ್ರಯಾಣಿಕರು ಸೀಟಲ್ಲಿ ಕೂತಿರುವಾಗ ನನ್ನ ಮುಖ ಕಂಡ್ರೆ, ಬಸ್ಸು ಮಗುಚಿದೆ ಅಂತ ಅರ್ಥ."

ಈ ವರ್ಷದ ಕಣ್ಣಿನ ತಪಾಸಣೆಯಲ್ಲಿ ಅವರಿಗೆ ದೂರದ್ದೂ ಮಂಜು, ಹತ್ತಿರದ್ದೂ ಮಂಜು ಎಂದು ತಿಳಿಯಿತು. ದೂರ, ನಡುವೆ, ಹತ್ತಿರ ಮೂರನ್ನೂ ಒಂದೇ ಗಾಜಿನಲ್ಲಿ ತೋರಿಸುವ, ನಡುವೆ ಗೆರೆಯಿಲ್ಲದ ಪ್ರೋಗ್ರೆಸಿವ್ ಕನ್ನಡಕ ಹಾಕಿಯೇ ಕೆಲಸ ಮಾಡಬೇಕೆಂದು ವೈದ್ಯರು ಚೀಟಿ ಬರೆದರು. ಗಾಜಿನ ಮೇಲ್ಭಾಗದಲ್ಲಿ ದೂರದ್ದು ಕಾಣುತ್ತದೆ, ಕೆಳಭಾಗದಲ್ಲಿ ಹತ್ತಿರದ್ದು. ಓದುವವರಿಗೆ, ಬರೆಯುವವರಿಗೆ, ಹೊಲಿಯುವವರಿಗೆ ಸರಿ. ಆದರೆ ಗುಂಡಿಯಲ್ಲಿ ನಿಂತವರಿಗೆ ಹತ್ತಿರದ್ದೆಲ್ಲ ಇರುವುದು ತಲೆಯ ಮೇಲೆ. ಕಣ್ಣೆತ್ತಿದರೆ ಎದುರಾಗುವುದು ದೂರದ ಗಾಜು, ಅದರಲ್ಲಿ ನಟ್ಟು ಬರೀ ಬೂದಿ ಬಣ್ಣದ ಮುದ್ದೆ.

"ಈ ಕನ್ನಡಕ ಕಂಡುಹಿಡಿದೋರಿಗೆ ಪುಸ್ತಕ ಯಾವಾಗ್ಲೂ ಮಡಿಲಲ್ಲೇ ಇರುತ್ತೆ. ನನ್ನ ಪುಸ್ತಕ ನೆತ್ತಿ ಮೇಲಿದೆ. ನಾನೇನು ತಲೆ ಕೆಳಗಾಗಿ ನೇತಾಡ್ಲಾ?"

ಕನ್ನಡಕದಂಗಡಿಯ ಹುಡುಗಿ ಮೊದಲ ದಿನವೇ ಹೇಳಿಕೊಟ್ಟಿದ್ದಳಂತೆ: "ಕಣ್ಣು ಹೊರಳಿಸ್ಬೇಡಿ ಅಂಕಲ್. ಏನು ನೋಡ್ಬೇಕೋ ಅದರ ಕಡೆ ಮೂಗು ತಿರುಗಿಸಿ. ಎರಡು ವಾರದಲ್ಲಿ ಅಭ್ಯಾಸ ಆಗುತ್ತೆ."

"ಮೂಗಲ್ಲೇ ನೋಡೋದಾದ್ರೆ ಕನ್ನಡಕ ಯಾಕಮ್ಮಾ ಬೇಕು?" ಎಂದು ಇವರು ಕೇಳಿ ಬಂದರು.

ಎರಡು ವಾರದಲ್ಲಿ ಅಭ್ಯಾಸವಾದದ್ದು ಮನೆಯವರಿಗೆ. "ಅಯ್ಯೋ, ಅದೊಂದು ಕತೆ" ಎಂದು ಅವರ ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಹೇಳುತ್ತಾರೆ. "ಸಪಾಟಾಗಿರೋ ನೆಲದ ಮೇಲೆ ಕೊಕ್ಕರೆ ಥರ ಕಾಲೆತ್ತಿ ಇಡೋರು. ಮೆಟ್ಟಿಲು ಬಂದ್ರೆ ಮೆಟ್ಟಿಲೇ ಇಲ್ಲ ಅನ್ನೋ ಹಾಗೆ ಹೋಗೋರು. ನನ್ ಹತ್ರ ಮಾತಾಡುವಾಗ ಗದ್ದ ಹೀಗೆ ಮೇಲೆ. ಇದೇನ್ರೀ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಅಂದೆ."

"ಹೊಸ ಅಳಿಯನಿಗಾದ್ರೂ ಮರ್ಯಾದೆ ಇರುತ್ತೆ" ಎಂದು ಒಳಗಿನ ಕೋಣೆಯಿಂದ ಉತ್ತರ ಬರುತ್ತದೆ.

ಡಿಪೋದಲ್ಲಿ ಚಾಲಕರೂ ಬಿಡಲಿಲ್ಲ. ಗದ್ದ ಎತ್ತಿಕೊಂಡು ನಡೆಯುವ ಇವರನ್ನು ಕಂಡು, "ಮಾವಂಗೆ ಈಗ ನಾವು ಕಣ್ಣಿಗೇ ಬೀಳಲ್ಲ ಬಿಡಿ" ಎಂದು ಚುಡಾಯಿಸಿದರು. ಅಲ್ಲಿಯವರೆಗೆ ಎಲ್ಲವೂ ನಗುವಿನ ಮಾತೇ ಆಗಿತ್ತು.

ಮೂರನೆಯ ವಾರ ಒಂದು ಬಸ್ಸಿನ ಸ್ಟಿಯರಿಂಗ್ ಸರಳಿನಲ್ಲಿ, ನಟ್ಟು ಕಳಚದಂತೆ ತಡೆಯುವ ಬೆರಳುದ್ದದ ಪಿನ್ನು ಇರಲಿಲ್ಲ. ಬೆಳಿಗ್ಗೆ ಆ ಬಸ್ಸನ್ನು ಇವರೇ ನೋಡಿದ್ದರು, ಸರಿಯಿದೆಯೆಂದು ಗುರುತೂ ಹಾಕಿದ್ದರು. ಬಸ್ಸು ದಿನವಿಡೀ ಜನರನ್ನು ಹೊತ್ತು ಓಡಿತು. ಸಂಜೆ ಪಾಳಿಯವರು ಆ ಖಾಲಿ ತೂತನ್ನು ಕಂಡರು. ಏನೂ ಆಗಲಿಲ್ಲ. "ಏನೂ ಆಗ್ಲಿಲ್ಲ ಅಂತ ಎಲ್ರೂ ಸಮಾಧಾನ ಮಾಡ್ತಾರೆ" ಎನ್ನುವಾಗ ಅವರ ದನಿ ಇಳಿಯುತ್ತದೆ. "ಆಗಿದ್ರೆ?"

ಡಿಪೋದ ಮೇಲ್ವಿಚಾರಕಿ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಟೀ ಹೊತ್ತಿನಲ್ಲಿ ಮಾವ ಎನ್ನುತ್ತಾರೆ, ಕಾಗದ ಕೈಗೆತ್ತಿಕೊಂಡಾಗ ತಪಾಸಣೆಗಾರರೇ ಎನ್ನುತ್ತಾರೆ. ಆ ದಿನ ಕಾಗದ ಕೈಯಲ್ಲಿತ್ತು. ಶುಕ್ರವಾರ ಪರೀಕ್ಷೆ, ಅಲ್ಲಿಯವರೆಗೆ ಇವರು ನೋಡಿದ ಬಸ್ಸನ್ನು ಇನ್ನೊಬ್ಬರೂ ನೋಡಬೇಕು. ಕನ್ನಡಕ ಹಾಕಿಯೂ ಕಾಣದಿದ್ದರೆ, ಚಾಲಕರಿಗೆ ಬಸ್ಸಿನ ಕೀಲಿ ಕೊಡುವ ಕಿಟಕಿಗೆ ವರ್ಗ. "ಕಿಟಕಿ ಕೆಟ್ಟ ಕೆಲಸ ಅಲ್ಲ" ಎನ್ನುತ್ತಾರೆ ಗುಂಡಿ ಮಾವ. "ಫ್ಯಾನಿದೆ, ಕುರ್ಚಿ ಇದೆ. ಆದ್ರೆ ಅಲ್ಲಿ ಕೂತು, ನಾನು ನೋಡ್ದೇ ಇರೋ ಬಸ್ಸಿಗೆ ಹೇಗ್ ಸ್ವಾಮಿ ಕೀಲಿ ಕೊಡ್ಲಿ?"

ಮರುದಿನ ಅವರು ಮಾಡಿದ್ದನ್ನು ಡಿಪೋ ಇನ್ನೂ ಮರೆತಿಲ್ಲ. ಕನ್ನಡಕವನ್ನು ತಲೆಕೆಳಗು ಮಾಡಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯಿಂದ ಹಿಂದಕ್ಕೆ ಕಟ್ಟಿಕೊಂಡು ಗುಂಡಿಗಿಳಿದರು. ಹತ್ತಿರದ ಗಾಜು ಮೇಲೆ ಬಂತು, ನಟ್ಟು ಬೋಲ್ಟು ಕನ್ನಡಿಯಲ್ಲಿ ಕಂಡಂತೆ ಕಂಡವು. ಮೇಲ್ವಿಚಾರಕಿ ಹಣೆ ಚಚ್ಚಿಕೊಂಡರು. "ಚೀಟೀಲಿ ಕನ್ನಡಕ ಹಾಕ್ಬೇಕು ಅಂತಿದೆ, ಯಾವ ಕಡೆ ಮೇಲೆ ಅಂತ ಬರ್ದಿಲ್ಲ" ಎಂಬ ಉತ್ತರ ಗುಂಡಿಯಿಂದ ಬಂತು. ಜೊತೆಗೆ ಇನ್ನೊಂದು ಲಾಭವನ್ನೂ ಕೂಗಿ ಹೇಳಿದರು: ಈಗ ಕಾಲ ಬುಡವೂ ಸ್ಪಷ್ಟವಾಗಿ ಕಾಣುತ್ತದೆ, ಮೆಟ್ಟಿಲು ಎಡವುವುದಿಲ್ಲ!

ನಾಲ್ಕನೆಯ ಬಸ್ಸಿನ ಹೊತ್ತಿಗೆ ತಲೆ ಗಿರ್ರೆಂದು ತಿರುಗಿ ಗೋಡೆ ಹಿಡಿದು ಕುಳಿತರು. ಕನ್ನಡಕ ತಿರುಗಿಸಿದರೆ ಎಡಗಣ್ಣಿನ ಗಾಜು ಬಲಗಣ್ಣಿಗೆ ಬರುತ್ತದೆ. ಅವರ ಎರಡು ಕಣ್ಣುಗಳ ಪವರ್ ಬೇರೆ ಬೇರೆ.

"ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕ್ತೀರಾ ಅಂಕಲ್?" ಎಂದು ಅಂಗಡಿಯ ಹುಡುಗಿ ಗದರಿಸಿದಳು. ಆದರೆ ಮೊದಲ ಬಾರಿಗೆ, ನೀವು ಮಾಡುವ ಕೆಲಸವಾದರೂ ಏನು ಎಂದು ಕೇಳಿದವಳೂ ಅವಳೇ. ಹತ್ತಿರದ ಪವರನ್ನು ಮೇಲೆಯೂ ಇಟ್ಟು ಗಾಜು ಮಾಡಿಸಬಹುದಂತೆ, ಆದರೆ ಅದು ಬರಲು ವಾರಗಳು ಬೇಕು, ಹೊಸ ಚೀಟಿಯೂ ಬೇಕು. ಸದ್ಯಕ್ಕೆ ಮೂಗಿನ ಮೇಲೆ ಕೂರುವ ಪುಟ್ಟ ಮೆತ್ತೆಗಳನ್ನು ಬಗ್ಗಿಸಿ ಫ್ರೇಮನ್ನು ಎರಡು ಮಿಲಿಮೀಟರ್ ಎತ್ತರಿಸಿಕೊಟ್ಟಳು.

ಉಳಿದ ಉಪಾಯ ಅವರದೇ. ಗುಂಡಿಯ ತಳದಲ್ಲಿ ಇಪ್ಪತ್ತಾರು ವರ್ಷ ಕಾಲಡಿ ಇದ್ದ, ಗಿಡ್ಡ ಕಾಲುಗಳ ಮರದ ಹಲಗೆಯನ್ನು ಎತ್ತಿ ಹೊರಗೆಸೆದರು. ಈಗ ಅವರು ಅರ್ಧ ಅಡಿ ಕೆಳಗೆ ನಿಲ್ಲುತ್ತಾರೆ. ನಟ್ಟುಗಳು ಅಷ್ಟು ದೂರವಾಗಿ ಗಾಜಿನ ನಡುಭಾಗಕ್ಕೆ ಸಿಗುತ್ತವೆ. ಕತ್ತು ಅಷ್ಟು ಮುರಿಯಬೇಕಿಲ್ಲ, ಬದಲಿಗೆ ತೋಳು ಚಾಚಿ ಚಾಚಿ ಭುಜ ನೋಯುತ್ತದೆ. "ನೋವನ್ನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ವರ್ಗ ಮಾಡಿದೀನಿ, ಅಷ್ಟೇ" ಎನ್ನುತ್ತಾರೆ.

ಶುಕ್ರವಾರ ಮೂರು ಬಸ್ಸು. ಇವರು ನೋಡಿ ಗುರುತು ಹಾಕಬೇಕು, ಮೇಲ್ವಿಚಾರಕಿ ಹಿಂದೆಯೇ ಟಾರ್ಚು ಹಿಡಿದು ಅದನ್ನೇ ನೋಡಬೇಕು. ಅವರ ಒಪ್ಪಿಗೆ ಪಡೆದು ನಾನೂ ಗುಂಡಿಯಲ್ಲಿದ್ದೇನೆ. ಮೊದಲ ಬಸ್ಸಿನಲ್ಲಿ ದೋಷವಿಲ್ಲ, ಎರಡನೆಯದರಲ್ಲೂ ಇಲ್ಲ. ಮೇಲ್ವಿಚಾರಕಿಗೆ ಖುಷಿ, ಇವರಿಗೆ ಸಿಟ್ಟು. "ಇಲ್ದೇ ಇರೋ ದೋಷ ನಂಗೆ ಕಾಣ್ಲಿಲ್ಲ ಅಂದ್ರೆ ಅದೆಂಥ ಪರೀಕ್ಷೆ?"

ಮೂರನೆಯ ಬಸ್ಸಿನ ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಬಳಿ ಗುಂಡಿ ಮಾವನ ಕೈ ನಿಲ್ಲುತ್ತದೆ. ಗದ್ದ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಬಟ್ಟೆಯಿಂದ ಮಣ್ಣು ಒರೆಸುತ್ತಾರೆ. "ಇಲ್ಲಿ." ಮೇಲ್ವಿಚಾರಕಿ ಟಾರ್ಚು ಹಾಕುತ್ತಾರೆ. ನನ್ನ ಕಣ್ಣಿಗೆ ಏನೂ ಇಲ್ಲ. ಗುಂಡಿ ಮಾವ ನನ್ನ ಬೆರಳು ಹಿಡಿದು ಪಟ್ಟಿಯ ಮೇಲೆ ಎಳೆಯುತ್ತಾರೆ. ಉಗುರಿಗೆ ಏನೋ ತಡೆಯುತ್ತದೆ. ಕೂದಲೆಳೆಯಷ್ಟು ಬಿರುಕು.

"ಭೇಷ್ ಮಾವ! ಕಾಣುತ್ತದೆ ಅಂತ ಬರೀತೀನಿ" ಎಂದು ಮೇಲ್ವಿಚಾರಕಿ ಪೆನ್ನು ತೆಗೆಯುತ್ತಾರೆ. ಪರೀಕ್ಷೆಯ ನಮೂನೆಯಲ್ಲಿ ಗುರುತು ಹಾಕಲು ಇರುವುದು ಎರಡೇ ಮನೆ: ಕಾಣುತ್ತದೆ, ಕಾಣುವುದಿಲ್ಲ.

"ತಡೀರಿ." ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾರೆ. "ಬೆರಳಿಗೆ ಮೊದ್ಲು ಸಿಕ್ತೋ, ಕಣ್ಣಿಗೆ ಮೊದ್ಲು ಕಾಣ್ತೋ, ನಂಗೆ ಗೊತ್ತಿಲ್ಲ."

"ಸಿಕ್ತಲ್ಲ ಮಾವ! ಯಾವುದಾದ್ರೇನು?"

"ಬಿರುಕು ಬೆರಳಿಗೆ ಸಿಗುತ್ತಮ್ಮ. ಇಲ್ದೇ ಇರೋ ಪಿನ್ನು ಸಿಗುತ್ತಾ? ಅದನ್ನ ಕಣ್ಣೇ ನೋಡ್ಬೇಕು."

ಮೇಲ್ವಿಚಾರಕಿ ಪೆನ್ನಿಗೆ ಮುಚ್ಚಳ ಹಾಕುತ್ತಾರೆ. ಆಮೇಲೆ ನಮೂನೆಯನ್ನು ಹಾಗೇ ಮಡಿಸಿ ಜೇಬಿಗಿಡುತ್ತಾರೆ. ಆ ಬಸ್ಸು ಅಂದು ಗೇಟು ದಾಟಲಿಲ್ಲ. ಈ ಲೇಖನ ಅಚ್ಚಿಗೆ ಹೋಗುವವರೆಗೂ ಎರಡು ಮನೆಗಳೂ ಖಾಲಿ ಇವೆ ಎಂದು ಕೇಳಿದ್ದೇನೆ. ಬೆರಳೋ ಕಣ್ಣೋ ಎಂದು ಆಮೇಲೆ ಮೇಲ್ವಿಚಾರಕಿ ನನ್ನನ್ನೂ ಕೇಳಿದರು. ನಾನು ಒಂದು ಮೊಳ ದೂರದಲ್ಲೇ ನಿಂತಿದ್ದೆ, ಗುಂಡಿ ಮಾವನ ಮುಖವನ್ನೇ ನೋಡುತ್ತಿದ್ದೆ. ನನಗೂ ಗೊತ್ತಿಲ್ಲ.