ಸಯ್ಯೋರಾ ಓಪಾ ಹಾಕದ ಸಹಿ

ಚಿರ್ಚಿಕ್‌ನ ನಮ್ಮ ರಾಸಾಯನಿಕ ಕಾರ್ಖಾನೆಯಲ್ಲಿ ಹೊಸ ಘಟಕ ಯಾವುದು ಬಂದರೂ ಲೆಕ್ಕ ಸಯ್ಯೋರಾ ಓಪಾ ಅವರದು, ನಕ್ಷೆ ನನ್ನದು. ಓಪಾ ಎಂದರೆ ನಮ್ಮಲ್ಲಿ ಅಕ್ಕ, ಆಕಾ ಎಂದರೆ ಅಣ್ಣ. ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ, ಹುಟ್ಟಿದ ಕಾವು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಅವರು ಪೆನ್ನು ಮುಟ್ಟುತ್ತಿರಲಿಲ್ಲ. ಕಿರಿಕಿರಿ ಹೆಂಗಸು ಎಂದು ಬೆನ್ನ ಹಿಂದೆ ನಾನೇ ಆಡಿಕೊಂಡಿದ್ದೇನೆ.

ಹಲಗೆ ಅಂಟಿಸುವ ಅಂಟಿನ ಘಟಕ ಬಂದ ವರ್ಷ ಅದು. ಪ್ರಯೋಗಾಲಯದ ಒಂದು ಲೀಟರ್ ಗಾಜಿನ ಪಾತ್ರೆಯಲ್ಲಿ ಅಂಟು ಸೊಗಸಾಗಿ ಬಂದಿತ್ತು. ಎಲ್ಲವನ್ನೂ ಐದು ಸಾವಿರದಿಂದ ಗುಣಿಸಿ, ನವ್ರೋಜ್ ಹಬ್ಬಕ್ಕೆ ಮುಂಚೆ ಶುರು ಮಾಡಿ ಎಂದರು ಮುಖ್ಯಸ್ಥ ಬೋತಿರ್ ಆಕಾ. ಒಪ್ಪಿಗೆಯ ಹಾಳೆಗೆ ನಾವೆಲ್ಲ ಸಹಿ ಹಾಕಿದೆವು. ಊಟದ ಹೊತ್ತಾಗಿತ್ತು, ನಾನಂತೂ ಓದಲೂ ಇಲ್ಲ. ಘಟಕದ ಆ ದೊಡ್ಡ ಪಾತ್ರೆಯ ಪಕ್ಕ ನಿಂತು ಅದನ್ನು ನಡೆಸಬೇಕಾದವಳು ನನ್ನ ಹೆಂಡತಿ ಝುಲ್ಫಿಯಾ. ಅದು ಗೊತ್ತಿದ್ದೇ ಹಾಕಿದೆ, ನನ್ನ ಬುದ್ಧಿಗಿಷ್ಟು.

ಓಪಾ ಮಾತ್ರ ಹಾಕಲಿಲ್ಲ. ಕೆಲಸದಿಂದ ತೆಗೆಯುತ್ತೇನೆ ಎಂದು ಬೋತಿರ್ ಆಕಾ ಕೂಗಾಡಿದರು. ಓಪಾ ಚಹಾ ಬಗ್ಗಿಸಿಕೊಂಡು ನನ್ನ ಕಡೆ ತಿರುಗಿದರು. ಗುರುವಾರ ಕಚೇರಿಗೆಲ್ಲ ಓಶ್ ಪಲಾವ್ ಬೇಯಿಸುವವನು, ಮದುವೆಗಳಿಗೂ ಹೋಗಿ ಬೇಯಿಸುವವನು ನಾನೇ.

"ಮನೇಲಿ ಐದು ಜನಕ್ಕೆ ಓಶ್ ಮಾಡೋವಾಗ ಬೆಂಕಿ ಯಾವಾಗ ತೆಗೀತೀಯ ತಮ್ಮ?"

"ಅಕ್ಕಿ ಬೆಂದ್ಮೇಲೆ."

"ಮದುವೆ ಕಡಾಯಿಲಿ?"

"ಅದಕ್ಕೆ ಮುಂಚೇನೇ ಸೌದೆ ಎಳೀಬೇಕು ಓಪಾ. ಕಾವು ಒಳಗೇ ಸಿಕ್ಕಿಹಾಕ್ಕೊಂಡಿರುತ್ತೆ, ತಳ ಹಿಡಿದುಬಿಡುತ್ತೆ."

"ಈ ಅಂಟಿಗೆ ಬೆಂಕಿ ಅದರ ಹೊಟ್ಟೇಲೇ ಹುಟ್ಟುತ್ತೆ. ಎಳೆಯೋಕೆ ಸೌದೆ ಎಲ್ಲಿದೆ?"

ಬೋತಿರ್ ಆಕಾ ಕುರ್ಚಿ ಎಳೆದು ಕೂತರು. ಪಾತ್ರೆ ಐದು ಸಾವಿರ ಪಟ್ಟು ಹಿಗ್ಗಿದರೂ ಕಾವು ಬಿಡುವ ಅದರ ಮೈ ಮುನ್ನೂರು ಪಟ್ಟೂ ಹಿಗ್ಗುವುದಿಲ್ಲ, ಒಳಗೆ ಕೂಡಿದ ಕಾವಿಗೆ ಪಾತ್ರೆಯೇ ಸಿಡಿಯಬಹುದು ಎಂದು ಓಪಾ ಹಾಳೆಯ ಮೇಲೆ ತೋರಿಸಿದರು. ಅಬ್ಬಾ, ಇಪ್ಪತ್ತು ವರ್ಷ ಕಡಾಯಿ ತಿರುವಿದ ನನಗೆ ಅದು ಹೊಳೆದಿರಲಿಲ್ಲ! ನಕ್ಷೆ ಹೊಸದಾಗಿ ಬರೆದೆ. ಒಳಗೆ ತಣ್ಣೀರಿನ ಸುರುಳಿ ಕೊಳವೆ ಬಂತು. ಅಂಟನ್ನು ಗಟ್ಟಿ ಮಾಡುವ ಆಮ್ಲವನ್ನು ಒಮ್ಮೆಲೇ ಸುರಿಯದೆ ಸಣ್ಣ ಧಾರೆಯಲ್ಲಿ ಬಿಡುವುದು, ತಣ್ಣೀರು ನಿಂತರೆ ಧಾರೆಯೂ ತಾನಾಗಿ ನಿಲ್ಲುವುದು ಎಂದಾಯಿತು. ಘಟಕ ಶುರುವಾಗುವಾಗ ನವ್ರೋಜ್ ಕಳೆದು ಎರಡು ತಿಂಗಳಾಗಿತ್ತು.

ಶುರುವಾದ ದಿನವೇ ಮಧ್ಯಾಹ್ನ ಕರೆಂಟು ಹೋಯಿತು. ತಣ್ಣೀರು ನಿಂತಿತು, ಹಿಂದೆಯೇ ಧಾರೆಯೂ ನಿಂತಿತು. ಪಾತ್ರೆಯ ಕಾವು ಒಂದಿಷ್ಟು ಏರಿ, ಅಲ್ಲೇ ತಡೆದು, ಇಳಿಯಿತು. ಏನೂ ಆಗಲಿಲ್ಲ. ಏನೂ ಆಗದಂತೆ ತಿಂಗಳುಗಳ ಹಿಂದೆಯೇ ಕಾಗದದ ಮೇಲೆ ಬರೆದಿಟ್ಟವರನ್ನು ನೋಡಿ ನನಗೆ ಮೈ ಜುಮ್ಮೆಂದಿತು.

ಸಂಜೆ ಝುಲ್ಫಿಯಾ ಬಿಸಿ ರೊಟ್ಟಿ ಕಟ್ಟಿಕೊಂಡು ಓಪಾ ಮನೆಗೆ ನನ್ನನ್ನೂ ಎಳೆದೊಯ್ದು ಅವರನ್ನು ಅಪ್ಪಿಕೊಂಡು ಅತ್ತಳು.

"ಲೆಕ್ಕ ನಂದು ಕಣಮ್ಮ. ಉತ್ತರ ಹೇಳಿದ್ದು ನಿನ್ನ ಗಂಡ" ಎಂದರು ಓಪಾ.

ನನ್ನ ಸಹಿಯಿದ್ದ ಮೊದಲ ಹಾಳೆ ಅವರ ಹತ್ತಿರವೇ ಇತ್ತು, ಅದನ್ನು ಅವರು ಝುಲ್ಫಿಯಾಗೆ ಹೇಳಲಿಲ್ಲ. ನಾನು ತಲೆ ಎತ್ತಲಿಲ್ಲ.