ಲಿಫ್ಟ್ ಗುಂಡಿಯ ಹಳದಿ ಲೋಳೆ

ನನ್ನ ಅಳಿಯ ಲಿಫ್ಟ್ ರಿಪೇರಿಯವನು. ಆಳು ಗಟ್ಟಿ, ಮಾತು ಕಮ್ಮಿ, ಕೈಗೆ ಸದಾ ಗ್ರೀಸಿನ ವಾಸನೆ. ಮಗಳನ್ನು ಕೊಡುವಾಗ ಇಷ್ಟೇ ನೋಡಿದ್ದೆ. ಅವನಿಗೆ ಲೋಳೆಯ ಹುಚ್ಚು ಇದೆಯೆಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ ಅನ್ನಿ.

ಲೋಳೆ ಎಂದರೆ ಕೊಳೆತ ಮರದ ಮೇಲೆ, ತೇವದ ಗೋಡೆಯ ಬುಡದಲ್ಲಿ ಬೆಳೆಯುವ ಒಂದು ಜೀವ. ಗಿಡವಲ್ಲ, ಪ್ರಾಣಿಯಲ್ಲ, ಅಣಬೆಯೂ ಅಲ್ಲವಂತೆ. ಯಾರೋ ಮೊಟ್ಟೆಯ ಹಳದಿ ಚೆಲ್ಲಿ ಒರೆಸದೆ ಎದ್ದು ಹೋದಂತೆ ಕಾಣುತ್ತದೆ. ಆದರೆ ತೆವಳುತ್ತದೆ, ಮಿದುಳಿಲ್ಲದಿದ್ದರೂ ತಿನಿಸಿನ ದಾರಿ ತಾನೇ ಹುಡುಕಿಕೊಳ್ಳುತ್ತದಂತೆ. ಬೆಳಿಗ್ಗೆ ಇದ್ದಲ್ಲಿ ಸಂಜೆ ಇರುವುದಿಲ್ಲ. ಇದರ ಬೆನ್ನು ಬಿದ್ದವರ ಬಳಗವೊಂದು ಫೋನಿನೊಳಗಿದೆ. ಬಸ್ಸು ಓಡಿಸುವವರು, ಮೇಷ್ಟ್ರುಗಳು, ಒಬ್ಬ ಬಡಗಿ, ದೂರದ ಯಾವುದೋ ಊರಿನ ಒಬ್ಬ ನರ್ಸಮ್ಮ. ಈ ನರ್ಸಮ್ಮನೇ ಬಳಗಕ್ಕೆ ಹಿರಿಯಕ್ಕ. ಅವರ ಕಟ್ಟಳೆ ಒಂದೇ: ಚಿತ್ರ ಹಾಕಿದವರು ಕಂಡದ್ದನ್ನೆಲ್ಲ ಬರೆಯಬೇಕು, ಕಾಣದ್ದನ್ನು ಬರೆಯಬಾರದು. ನಾನು ಶಾಲೆಯ ಮುಖ ನೋಡಿದವನಲ್ಲ, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಓದು ಕಲಿತವನು. ನನಗೆ ಆ ಕಟ್ಟಳೆ ಹಿಡಿಸಿತು. ಲೋಳೆ ಹಿಡಿಸಲಿಲ್ಲ.

ಅಳಿಯನ ಲೋಳೆ ಇದ್ದದ್ದು ಅವನು ನೋಡಿಕೊಳ್ಳುತ್ತಿದ್ದ ವಸತಿ ಕಟ್ಟಡವೊಂದರ ಲಿಫ್ಟ್ ಗುಂಡಿಯಲ್ಲಿ. ಲಿಫ್ಟು ನೆಲದ ಮಟ್ಟಕ್ಕೆ ಬಂದು ನಿಂತಾಗ ಅದರ ಕೆಳಗೆ ಒಂದು ಕತ್ತಲ ತಗ್ಗು ಉಳಿಯುತ್ತದಲ್ಲ, ಅಲ್ಲಿ. ಮೂಲೆಯಲ್ಲಿ ಗಾರೆಯವರು ಮರೆತು ಹೋದ ಹಲಗೆ, ಅದರ ಹಿಂದೆ ಜಿನುಗುವ ಪೈಪು. ಹಲಗೆ ಕೊಳೆಯಿತು, ಲೋಳೆ ಬಂತು. ಪೈಪು ಸೋರುತ್ತಿದೆ ಎಂದು ಕಟ್ಟಡದವರಿಗೆ ತಿಳಿಸುವುದು ಅಳಿಯನ ಕೆಲಸ. ತಿಳಿಸಿದರೆ ಗೋಡೆ ಒಣಗುತ್ತದೆ, ಲೋಳೆ ಸಾಯುತ್ತದೆ. ಮಹಾನುಭಾವ ಬಾಯಿಗೆ ಬೀಗ ಹಾಕಿಕೊಂಡ. ಬಳಗಕ್ಕೂ 'ಹಳೇ ಹಲಗೆ, ತೇವದ ಗೋಡೆ' ಎಂದಷ್ಟೇ ಬರೆದ. ಲಿಫ್ಟ್ ಗುಂಡಿ ಎಂಬ ಮಾತನ್ನು ನುಂಗಿಕೊಂಡ.

ಲೋಳೆ ಬೆಳಕು ಕಂಡರೆ ಸರಿದು ಹೋಗುತ್ತದೆ. ಅದಕ್ಕೇ ಅಳಿಯ ಟಾರ್ಚಿಗೆ ಕರವಸ್ತ್ರ ಸುತ್ತಿ ಇಳಿಯುತ್ತಿದ್ದ. ಒಂದು ಚಿತ್ರ ಹೊಡೆದು, ಮಲಗಿದ ಕೂಸನ್ನು ಬಿಟ್ಟು ಬರುವವನ ಹಾಗೆ ಹಿಂದೆ ಹಿಂದೆ ಸರಿದು ಮೇಲೆ ಬರುತ್ತಿದ್ದ. ಅವನು ಕಾಯುತ್ತಿದ್ದುದು ಒಂದಕ್ಕೇ. ಲೋಳೆಗೆ ಕೊನೆಗೊಮ್ಮೆ ಸಾಸಿವೆಯಂಥ ಪುಟ್ಟ ತಲೆಗಳು ಏಳುತ್ತವೆ. ಆ ತಲೆ ಕಂಡರೆ ಮಾತ್ರ ಇದು ಇಂಥ ಜಾತಿಯದು ಎಂದು ಹೆಸರು ಹೇಳಬಹುದು. ಒಂದು ಮಳೆಗಾಲ ಕಳೆದು ಇನ್ನೊಂದು ಬಂದರೂ ಇವನದು ತಲೆ ಎತ್ತಲಿಲ್ಲ. ಬಳಗದ ಬಡಗಿ, "ನಿನ್ನ ಲೋಳೆ ಥೇಟ್ ನಿನ್ನ ಹಾಗೇನೇ ಮಾರಾಯ, ಏನೂ ಬಾಯಿ ಬಿಡಲ್ಲ" ಎಂದು ಚುಚ್ಚಿದ್ದ.

ಅಷ್ಟರಲ್ಲಿ ಬಳಗದ ಚಿತ್ರಗಳಲ್ಲಿ ಯಾರೂ ಕಂಡಿರದ ಲೋಳೆಯೊಂದು ಇದೆಯೆಂದು ಯಾವುದೋ ವಿಶ್ವವಿದ್ಯಾಲಯದವರು ಹೇಳಿದರು. ಅದು ಅಳಿಯನದಲ್ಲ, ಬೇರೆ ಯಾರದ್ದೋ. ಪತ್ರಿಕೆಯಲ್ಲಿ ಬಂತು. ಬಂದದ್ದೇ ತಡ, ಟೀವಿಯವರು ಬಳಗದವನೊಬ್ಬ ಇದೇ ಊರಲ್ಲಿದ್ದಾನೆಂದು ಮೂಸಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಬೇಡ ಅನ್ನಬೇಡಪ್ಪ" ಎಂದಳು ಮಗಳು. "ನಾದಿನಿ ನನ್ನನ್ನ ಲೋಳೆಯವನ ಹೆಂಡ್ತಿ ಅಂತಾಳೆ. ಇವರು ಒಂದ್ಸಲ ಟೀವೀಲಿ ಬಂದ್ರೆ ಅವಳ ಬಾಯಾದ್ರೂ ಮುಚ್ಚುತ್ತೆ."

ಅಳಿಯ ಫೋನಿನ ಚಿತ್ರ ತೋರಿಸಿ ಪಾರಾಗುವ ಲೆಕ್ಕ ಹಾಕಿದ್ದ. ಟೀವಿಯ ಹುಡುಗಿ ಬಿಡಲಿಲ್ಲ. "ಚಿತ್ರ ಎಲ್ಲರ ಹತ್ರಾನೂ ಇದೆ ಅಣ್ಣ. ನಮಗೆ ಜೀವ ಬೇಕು. ಎಲ್ಲಿದೆ?" ಎಂದಳು. ಇವನು ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಹೇಳಿಬಿಟ್ಟ.

ನಾನೂ ಜೊತೆಗೆ ಹೋದೆ. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ, ಗುಂಡಿಗೆ ಹಗಲನ್ನೇ ನಾಚಿಸುವ ದೀಪ ಇಳಿಬಿಟ್ಟರು. ಸಾಮಾನು ಹೊತ್ತು ಮೆಟ್ಟಿಲು ಹತ್ತುವವರ ಬೈಗುಳವೆಲ್ಲ ನಮ್ಮ ಪಾಲಿಗೆ. ಕಟ್ಟಡದ ಸಂಘದ ಕಾರ್ಯದರ್ಶಿಯೂ ತಲೆ ಬಾಚಿಕೊಂಡು ಬಂದು ಕ್ಯಾಮೆರಾದ ಎದುರು ಎರಡು ಬಾರಿ ಸುಳಿದಾಡಿದ.

"ಅಕ್ಕ, ದೀಪ ಆರಿಸಿ. ಅದಕ್ಕೆ ಬೆಳಕು ಆಗಲ್ಲ. ಸಾಯುತ್ತೆ" ಎಂದ ಅಳಿಯ.

"ಸಾಯೋ ಮೊದಲು ಸ್ವಲ್ಪ ಓಡಾಡೋಕೆ ಹೇಳಿ ಅಣ್ಣ" ಎಂದಳು ಟೀವಿಯ ಹುಡುಗಿ.

"ಕಡ್ಡೀಲಿ ಚುಚ್ಚಿದ್ರೆ ಓಡುತ್ತಾ?" ಎಂದ ಕ್ಯಾಮೆರಾದವನು.

"ನಿನ್ನ ಚುಚ್ಚಿ ನೋಡೋಣ್ವಾ ತಮ್ಮ, ಎಷ್ಟು ಓಡ್ತೀಯ ಅಂತ?" ಎಂದೆ ನಾನು. ಕಡ್ಡಿ ಕೆಳಗೆ ಬಿತ್ತು.

ತೆವಳುವುದನ್ನು ಹಿಡಿದೇ ಹಿಡಿಯುತ್ತೇವೆಂದು ಹೊತ್ತಿಳಿಯುವ ತನಕ ದೀಪ ಉರಿಸಿದರು. ಊಟಕ್ಕೆ ಹೋದಾಗಲೂ ಆರಿಸಲಿಲ್ಲ. ಲೋಳೆ ಕದಲಿದ್ದು ಅವರ ಕಣ್ಣಿಗೆ ಕಾಣಲಿಲ್ಲ. ಮುಖ ಊದಿಸಿಕೊಂಡು ಗಾಡಿ ಹತ್ತಿದರು. ಅಳಿಯ ಮನೆಗೆ ಬಂದವನು ಊಟ ಮುಟ್ಟಲಿಲ್ಲ. "ಕೊಂದುಬಿಟ್ರು ಮಾವ" ಎಂದ.

ಅದೇ ರಾತ್ರಿಯ ಸುದ್ದಿಯಲ್ಲಿ ಬಂತು. 'ನಿಮ್ಮ ಮನೆಯಲ್ಲೂ ಇದೆಯೇ ಬುದ್ಧಿವಂತ ಲೋಳೆ?' ಎಂಬ ಕೆಂಪು ಅಕ್ಷರ, ಕಂಪ್ಯೂಟರಿನಲ್ಲಿ ಬರೆದ ಒಂದು ಭೂತ, ಎದೆ ನಡುಗಿಸುವ ಸಂಗೀತ. ಬಳಗದವರ ಇಷ್ಟು ವರ್ಷದ ಬೆವರಿಗೆ ಒಂದು ಸಾಲು. ಅಳಿಯ ಬಾಯಿ ತೆರೆದದ್ದಷ್ಟೇ ಕಂಡಿತು, ಮಾತು ಕೇಳಿಸಲಿಲ್ಲ. ಆದರೆ ಸೋರುವ ಪೈಪನ್ನು ಮಾತ್ರ ಹತ್ತಿರದಿಂದ, ನಿಧಾನವಾಗಿ, ನೀರಿನ ಹನಿ ಎಣಿಸುವಷ್ಟು ಚೆನ್ನಾಗಿ ತೋರಿಸಿದರು.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕಾರ್ಯದರ್ಶಿ ಬ್ಲೀಚಿಂಗ್ ನೀರಿನ ಬಕೆಟ್ಟು ಇಟ್ಟುಕೊಂಡು ಕಾಯುತ್ತಿದ್ದ.

"ಏನಯ್ಯಾ, ಪೈಪು ಸೋರ್ತಿದ್ರೆ ನಮಗೆ ಹೇಳೋದು ಬಿಟ್ಟು ಫೋಟೋ ಹೊಡೀತಾ ಕೂತಿದ್ಯಾ? ಮಕ್ಕಳು ಮರಿ ಓಡಾಡೋ ಲಿಫ್ಟಯ್ಯಾ ಇದು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಜಗಳಕ್ಕೆ ನಿಲ್ಲಲು ನೆಲವೇ ಇಲ್ಲ.

"ತೊಳೆಯೋ ಮೊದಲು ಒಂದ್ಸಲ ಇಳಿದು ನೋಡ್ತೀನಿ ಸಾರ್."

"ಯಾಕೆ, ಅದಕ್ಕೆ ಹೇಳಿ ಹೋಗಬೇಕಾ?"

ಅಳಿಯ ಇಳಿದ. ಟಾರ್ಚಿನ ಮಂಕು ಬೆಳಕು ಹಲಗೆಯ ಮೇಲೆ ನಿಂತಿತು. ಆಮೇಲೆ ಸಣ್ಣ ದನಿ: "ಮಾವ, ತಲೆ ಎತ್ತಿದೆ."

ಬಗ್ಗಿ ನೋಡಿದೆ. ನನ್ನ ಕಣ್ಣಿಗೆ ಹಲಗೆಯ ಮೇಲೆ ಕರಿ ರವೆ ಚೆಲ್ಲಿದಂತೆ ಕಂಡಿತು. ಅವನು ಮೊಣಕಾಲೂರಿ ಚಿತ್ರದ ಮೇಲೆ ಚಿತ್ರ ಹೊಡೆಯುತ್ತಿದ್ದ. ಕಾರ್ಯದರ್ಶಿ ಬಕೆಟ್ಟನ್ನು ನೆಲಕ್ಕೆ ಕುಟ್ಟಿದ. ಅಳಿಯ ಮೇಲೆ ಬಂದ, ನೀರು ಕೆಳಗೆ ಹೋಯಿತು. ಆ ವಾಸನೆಗೆ ಕಣ್ಣಲ್ಲಿ ನೀರು ಬಂತು, ಇಬ್ಬರಿಗೂ. ಮಧ್ಯಾಹ್ನದೊಳಗೆ ಲಿಫ್ಟ್ ಕಂಪನಿಯವರು ಅವನಿಂದ ಆ ಕಟ್ಟಡದ ಕೀಲಿ ಕಿತ್ತುಕೊಂಡು ಬೇರೆ ಕಡೆ ಹಾಕಿದರು.

ಚಿತ್ರವನ್ನು ಬಳಗಕ್ಕೆ ಹಾಕಿದ. ಆದರೆ ಬಳಗವೆಲ್ಲಿತ್ತು? ಟೀವಿ ನೋಡಿದವರೆಲ್ಲ ಬಂದು ನುಗ್ಗಿದ್ದರು. 'ನಮ್ಮ ಬಚ್ಚಲಲ್ಲಿರೋದು ಬುದ್ಧಿವಂತನೋ ದಡ್ಡನೋ ಹೇಳಿ' ಎಂದೊಬ್ಬ. 'ನಮ್ಮ ಮೈದುನನ ಮೂಗಲ್ಲಿ ದಿನಾ ಬರುತ್ತೆ' ಎಂದೊಬ್ಬಳು. ಆ ಗದ್ದಲದ ತಳಕ್ಕೆ ಅಳಿಯನ ಚಿತ್ರ ಕಲ್ಲು ಮುಳುಗಿದಂತೆ ಮುಳುಗಿತು. ತುತ್ತಿಗೊಮ್ಮೆ ಫೋನು ನೋಡುತ್ತಿದ್ದ. "ತುತ್ತು ಬಾಯಿಗೆ ಹಾಕ್ಕೊಳ್ರೀ, ಕಣ್ಣಿಗಲ್ಲ" ಎಂದು ಮಗಳು ಗದರಿದಳು. ನಾದಿನಿಯ ಬಾಯಿಯೂ ಮುಚ್ಚಿರಲಿಲ್ಲ. ಈಗ 'ಬುದ್ಧಿವಂತನ ಹೆಂಡ್ತಿ' ಎನ್ನತೊಡಗಿದ್ದಳು.

ವಾರ ಕಳೆದ ಮೇಲೆ ನರ್ಸಮ್ಮನ ಕಣ್ಣಿಗೆ ಚಿತ್ರ ಬಿತ್ತು. ಹೆಸರು ಹೇಳಿದಳು. ಎಲ್ಲ ಕಡೆ ಸಿಗುವ ಮಾಮೂಲಿ ಲೋಳೆಯೇ ಅಂತೆ. ಜೊತೆಗೆ, 'ಇಷ್ಟು ದಿನ ಏಳದ ತಲೆ ಈಗ ಹೇಗೆ ಎದ್ದಿತು ತಮ್ಮ? ಏನು ಬದಲಾಯಿತು?' ಎಂದು ಕೇಳಿದಳು. ಇನ್ನು ಮುಚ್ಚಿಡುವುದೇನು? ಲಿಫ್ಟ್ ಗುಂಡಿ, ಕತ್ತಲು, ಕರವಸ್ತ್ರ ಎಲ್ಲವನ್ನೂ ಬರೆದ.

'ಕತ್ತಲಲ್ಲಿದೆ ಅಂತ ಮೊದಲೇ ಹೇಳಬಾರದಿತ್ತಾ? ಈ ಲೋಳೆ ಹಸಿದಿರಬೇಕು, ಆಮೇಲೆ ಬೆಳಕು ಬೀಳಬೇಕು, ಆಗಲೇ ತಲೆ ಏಳೋದು. ಹಲಗೆ ಎತ್ತಿ ಕಿಟಕಿ ಪಕ್ಕ ಇಟ್ಟಿದ್ದರೆ ಎಂದೋ ಆಗುತ್ತಿತ್ತು. ಈಗ ಬೆಳಕು ಎಲ್ಲಿಂದ ಬಂತು, ಅದನ್ನೂ ಬರಿ' ಎಂದಳು ನರ್ಸಮ್ಮ.

ಅಳಿಯ ಫೋನು ಹಿಡಿದು ನನ್ನ ಕುರ್ಚಿಯ ಪಕ್ಕ ಬಂದು ಕೂತ. "ಬರೀಲೇಬೇಕಾ ಮಾವ?"

"ಕಂಡದ್ದನ್ನೆಲ್ಲ ಬರೀಬೇಕು ಅನ್ನೋದು ನಿಮ್ಮದೇ ಕಟ್ಟಳೆ."

"ಟೀವಿಯವರ ದೀಪ ಅಂತಾನಾ?"

"ಮತ್ತೆ ನಿಮ್ಮಪ್ಪನ ಲಾಟೀನು ಅಂತ ಬರೀತೀಯಾ?"

ಗ್ರೀಸು ಹತ್ತಿದ ಹೆಬ್ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದ. ಕಳಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಯಾರೋ ಹೊಸಬ ಕೆಳಗೆ ಬರೆದ: 'ಹಾಗಾದರೆ ಟೀವಿಯವರಿಗೆ ಥ್ಯಾಂಕ್ಸ್ ಹೇಳಿದಿರಾ?'

ಅಳಿಯ ಫೋನನ್ನು ಬೋರಲು ಹಾಕಿ ಕೈ ತೊಳೆಯಲು ಎದ್ದು ಹೋದ. ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.